ಮೊಬೈಲಿನ ಮುಖಕ್ಕೆ ಎರಡನೆಯ ಗಾಜು ಬೇಕೆ?

ಹಿಂಗಾರಿ ಜೋಳದ ರಾಶಿ ನಡೆಯುವ ದಿನಗಳಲ್ಲಿ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಯಾವ ಹೊಲಕ್ಕೆ ಹೋದರೂ ಒಂದು ನೋಟ ತಪ್ಪುವದಿಲ್ಲ. ರಾಶಿಯಂತ್ರದ ಬಾಯಿಂದ ಹೊಟ್ಟು ಹಾರುತ್ತಿರುತ್ತದೆ, ಧೂಳು ಮುಗಿಲಿಗೆ ಏರಿರುತ್ತದೆ. ಅದರ ನಡುವೆ ನಿಂತ ಒಕ್ಕಲಿಗನು ಕಿಸೆಯಿಂದ ಮೊಬೈಲು ತೆಗೆದು, ಅದರ ಮುಖವನ್ನು ಹೆಗಲ ಮೇಲಿನ ಟವೆಲಿನಿಂದ ಗಸಗಸ ಉಜ್ಜಿ, ಅಡತಿ ಅಂಗಡಿಗೆ ಫೋನು ಹಚ್ಚುತ್ತಾನೆ. ಮೊಬೈಲಿನ ಗಾಜಿಗೆ ನಮ್ಮ ಕಡೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಈ ಉಜ್ಜಾಟದ್ದೇ.

ಮುಖದ ಗಾಜಿನ ಮೇಲೆ ಇನ್ನೊಂದು ತೆಳುವಾದ ಗಾಜು ಅಂಟಿಸಬೇಕೋ ಬೇಡವೋ ಎಂಬ ಪ್ರಶ್ನೆ ಇಂದು ಊರೂರಲ್ಲಿಯೂ ಉಂಟು. ಪೇಟೆಯಲ್ಲಿ ಇದಕ್ಕೆ ಟೆಂಪರ್ ಗ್ಲಾಸು ಎಂದೂ ಸ್ಕ್ರೀನ್ ಗಾರ್ಡು ಎಂದೂ ಹೆಸರು. ನಾವು ಗಾರ್ಡು ಎಂದೇ ಕರೆಯೋಣ. ಕಾಲೇಜಿಗೆ ಹೋಗುವ ಹುಡುಗರು "ಈಗಿನ ಮೊಬೈಲಿನ ಗಾಜೇ ಗಟ್ಟಿ, ಗಾರ್ಡು ದಂಡ" ಎನ್ನುವರು. ಅಂಗಡಿಕಾರನು "ಇದನ್ನು ಹಚ್ಚಿದರೆ ಮಾಳಿಗೆಯಿಂದ ಬಿದ್ದರೂ ಚಿಂತೆಯಿಲ್ಲ" ಎನ್ನುವನು. ಹೊಲದಲ್ಲಿ ದುಡಿಯುವವರು ಗಾರ್ಡು ಹಚ್ಚಿಕೊಳ್ಳುವದೇ ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಅದು ಅಂಗಡಿಕಾರನು ಹೇಳುವ ಕಾರಣಕ್ಕಾಗಿ ಅಲ್ಲ.

ಇದು ಶೋಕಿಯ ಮಾತೆಂದು ತಿಳಿಯಬಾರದು. ಮೊಬೈಲು ಬರೀ ಮಾತಾಡುವ ಪೆಟ್ಟಿಗೆಯಾಗಿದ್ದ ಕಾಲ ಹೋಯಿತು. ಮಹಾರಾಷ್ಟ್ರದಲ್ಲಿ ೨೦೨೧ರಿಂದ ಇ-ಪೀಕ ಪಾಹಣಿ ಬಂದಿದೆ. ರೈತನು ತನ್ನ ಹೊಲದಲ್ಲಿಯೇ ನಿಂತು ಬೆಳೆಯ ಚಿತ್ರ ತೆಗೆದು ಮೊಬೈಲಿನಿಂದ ನೋಂದಣಿ ಮಾಡಿದರೆ ಸಾತಬಾರಾ ಉತಾರೆಯಲ್ಲಿ ಆ ಬೆಳೆ ಕೂಡುತ್ತದೆ. ಪ್ರತಿ ಹಂಗಾಮಿಗೂ ಅದಕ್ಕೆ ಗಡುವು ಉಂಟು. ದುಡ್ಡಿನ ಕೊಡುಕೊಳ್ಳುವಿಕೆ, ಪೇಟೆಯ ಧಾರಣೆ, ಕೆಲವರ ಬಾವಿಯ ಪಂಪು ಹಚ್ಚುವದು ಆರಿಸುವದು ಕೂಡ ಆ ಗಾಜಿನ ಮೇಲೆ ಬೆರಳಾಡಿಸಿಯೇ. ಗಡುವಿನ ವಾರದಲ್ಲಿ ಗಾಜು ಒಡೆದು ಬೆರಳಿನ ಮಾತು ಕೇಳದೆ ಹೋದರೆ ಮನೆಯ ಕೆಲಸವೇ ನಿಲ್ಲುತ್ತದೆ. ಗಾರ್ಡಿಗೆ ಸಾಧಾರಣ ನೂರು ರೂಪಾಯಿಯ ಆಚೀಚೆ. ಡಿಸ್‌ಪ್ಲೇ ಬದಲಿಸಬೇಕಾದರೆ ಸಾವಿರಗಟ್ಟಲೆ. ಒಂದು ಚೀಲ ಜೋಳದ ಹಣ ಅಲ್ಲಿಯೇ ಹೋಯಿತೆನ್ನಿ.

ಮೊದಲು ಈ ಗಾಜು ಎಂಥದೆಂದು ತಿಳಿಯಬೇಕು. ಕಿಟಕಿಯ ಗಾಜಿಗೂ ಇದಕ್ಕೂ ಬಹಳ ಅಂತರ. ಅಮೇರಿಕೆಯ ಕಾರ್ನಿಂಗ್ ಎಂಬ ಕಾರ್ಖಾನೆಯವರು ೧೯೬೦ರ ದಶಕದ ಆರಂಭದಲ್ಲಿ ಕೆಮ್ಕಾರ್ ಎಂಬ ಗಟ್ಟಿಗಾಜನ್ನು ಮಾಡಿದ್ದರು. ಅದಕ್ಕೆ ಆಗ ತಕ್ಕ ಗಿರಾಕಿ ಸಿಗಲಿಲ್ಲ, ಅದು ಮೂಲೆ ಸೇರಿತು. ೨೦೦೭ರಲ್ಲಿ ಐಫೋನು ಬಂದಾಗ ಅದೇ ಬಗೆಯ ಗಾಜಿಗೆ ಮತ್ತೆ ಕರೆ ಬಂತು. ಈಗ ಗೊರಿಲ್ಲಾ ಗ್ಲಾಸು ಎಂದು ಮೊಬೈಲಿನ ಡಬ್ಬಿಯ ಮೇಲೆ ಅಚ್ಚಾಗಿರುವದು ಅದರ ವಂಶದ್ದೇ.

ಇದನ್ನು ಗಟ್ಟಿ ಮಾಡುವ ರೀತಿ ನಮ್ಮ ದ್ರಾಕ್ಷಿ, ದಾಳಿಂಬದ ತೋಟದವರಿಗೆ ಸೋಜಿಗವೆನಿಸೀತು. ಗಾಜಿನ ಹಾಳೆಯನ್ನು ಸುಮಾರು ೪೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದ ಪೊಟ್ಯಾಶಿಯಂ ನೈಟ್ರೇಟಿನಲ್ಲಿ ತಾಸುಗಟ್ಟಲೆ ಮುಳುಗಿಸಿಡುತ್ತಾರೆ. ಆ ಉಪ್ಪು ಬೇರೆ ಯಾವದೂ ಅಲ್ಲ. ೧೩:೦:೪೫ ಎಂದು ಚೀಲದ ಮೇಲೆ ಬರೆದು ಮಾರುವ, ನಾವು ನೀರಿನಲ್ಲಿ ಕರಗಿಸಿ ಬೆಳೆಗೆ ಸಿಂಪಡಿಸುವ ಗೊಬ್ಬರವೇ ಅದು. ಹಳಬರು ಪೆಟ್ಲುಪ್ಪು ಎನ್ನುತ್ತಿದ್ದರು. ಆ ಕುದಿಯಲ್ಲಿ ಗಾಜಿನ ಮೈಯೊಳಗಿನ ಸೋಡಿಯಮ್ಮಿನ ಸಣ್ಣ ಕಣಗಳು ಹೊರಗೆ ಬಂದು, ಆ ಜಾಗಗಳಲ್ಲಿ ಪೊಟ್ಯಾಶಿಯಮ್ಮಿನ ದಪ್ಪ ಕಣಗಳು ಹೊಗುತ್ತವೆ. ಒತ್ತಿ ತುಂಬಿದ ಚೀಲದಿಂದ ಜೋಳದ ಕಾಳು ತೆಗೆದು ಅಷ್ಟೇ ಲೆಕ್ಕದ ಕಡಲೆಕಾಳು ತುರುಕಿದಂತೆ ಗಾಜಿನ ಮೇಲ್ಮೈ ಬಿಗಿದು ನಿಲ್ಲುತ್ತದೆ. ಬಗ್ಗಿಸಿದರೂ ಬಡಿದರೂ ಬಿರುಕು ಬಾಯ್ದೆರೆಯದಂತೆ ಆ ಬಿಗಿಯೇ ಹಿಡಿದಿಡುತ್ತದೆ.

ಆದರೆ ಆ ಬಿಗಿದ ಪದರು ಬಹಳ ತೆಳುವು, ಕೂದಲೆಳೆಯ ದಪ್ಪದ ಲೆಕ್ಕದಲ್ಲಿ ಅಳೆಯತಕ್ಕದ್ದು. ಅದನ್ನು ಹಾದು ಒಳಕ್ಕೆ ಇಳಿಯುವ ಗೀರು ಬಿದ್ದರೆ ಗಾಜಿನ ಬಲ ಅಲ್ಲಿಂದ ಕುಂದಿತು. ಫೋಟೋಕ್ಕೆ ಕಟ್ಟು ಹಾಕುವವನು ಗಾಜನ್ನು ಕತ್ತರಿಸುವದು ಹೇಗೆ? ವಜ್ರದ ಮೊನೆಯಿಂದ ಒಂದು ಗೀರು ಎಳೆದು ಮೆಲ್ಲನೆ ಒತ್ತುತ್ತಾನೆ, ಗೀರಿನ ಗುಂಟ ಗಾಜು ಬಿರಿಯುತ್ತದೆ. ಗಾಜಿನ ಬಲವನ್ನು ಅದರ ಮೈಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೇ ನಿರ್ಣಯಿಸುತ್ತವೆಂದು ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ಶಾಸ್ತ್ರಜ್ಞರು ೧೯೨೧ರಲ್ಲಿಯೇ ತೋರಿಸಿಕೊಟ್ಟರು. ಆದುದರಿಂದ ಗೀರು ಬರೀ ಅಂದಗೇಡಲ್ಲ. ಮುಂದೆ ಒಂದು ದಿನ ಮೊಬೈಲು ಕೈಜಾರಿದಾಗ ಬಿರುಕು ಎಲ್ಲಿಂದ ಹೊರಡಬೇಕೆಂಬದನ್ನು ಗೀರು ಮೊದಲೇ ಗೊತ್ತು ಮಾಡಿಟ್ಟಿರುತ್ತದೆ.

ಗೀರು ಹಾಕುವವರಾರು? ಕಿಸೆಯಲ್ಲಿಯ ಕೀಲಿಕೈ, ಚಿಲ್ಲರೆ ನಾಣ್ಯಗಳ ಮೇಲೆ ಎಲ್ಲರ ಗುಮಾನಿ. ಅದು ಬಹುಮಟ್ಟಿಗೆ ತಪ್ಪು. ಜರ್ಮನ್ ಖನಿಜಶಾಸ್ತ್ರಜ್ಞ ಫ್ರೀಡ್ರಿಷ್ ಮೋಸ್ ೧೮೧೨ರಲ್ಲಿ ಕಲ್ಲುಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಮೆಟ್ಟಿಲು ಕಟ್ಟಿದನು. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರಬಲ್ಲದು. ಪಾಟಿಯ ಮೇಲೆ ಬರೆಯುವ ಬಳಪದ ಕಲ್ಲು ಒಂದನೆಯದು, ವಜ್ರ ಹತ್ತನೆಯದು. ತಾಮ್ರ ಮೂರರ ಹತ್ತಿರ. ಮೊಬೈಲಿನ ಗಾಜು ಆರರ ಆಸುಪಾಸು. ಹಿತ್ತಾಳೆಯ ಕೀಲಿಕೈ ಅದನ್ನು ಏನೂ ಮಾಡಲಾರದು. ಬೆಣಚುಕಲ್ಲು ಮಾತ್ರ ಏಳನೆಯ ಮೆಟ್ಟಿಲಿನದು, ಅದರ ಪುಡಿಯೇ ಉಸುಕು.

ನಮ್ಮ ಎರೆಮಣ್ಣಿನ ಜಿಗುಟು ಭಾಗ ಬಹಳ ಮಿದು, ಅದರಿಂದ ಗಾಜಿಗೆ ಭಯವಿಲ್ಲ. ಆದರೆ ಬರೀ ಜಿಗುಟಿನ ಹೊಲ ಎಲ್ಲಿದೆ? ಈ ಸೀಮೆಯ ಕರಿಕಲ್ಲಿನ ಪೊಟರೆಗಳಲ್ಲಿ ಬೆಣಚಿನ ಜಾತಿಯ ಬಿಳಿ ಹರಳುಗಳಿರುತ್ತವೆ. ಹಿಂದೆ ಚಕಮಕಿಗೆ ಬಳಸುತ್ತಿದ್ದ ಕಲ್ಲು ಕೂಡ ಆ ಜಾತಿಯದೇ. ಕಲ್ಲು ಸವೆದು ಮಣ್ಣಾದಾಗ ಅವುಗಳ ಚೂರು ಮಣ್ಣಿನಲ್ಲಿ ಉಳಿಯುತ್ತವೆ. ಹಳ್ಳದ ಉಸುಕು, ದಾರಿಯ ಧೂಳು ಇವುಗಳಲ್ಲಿಯೂ ಅದು ಇದ್ದೇ ಇದೆ. ಇಂಥ ಒಂದು ಕಣ ಟವೆಲಿನ ಎಳೆಯಲ್ಲಿ ಸಿಕ್ಕಿರಲಿ, ಅದರಿಂದ ಗಾಜನ್ನು ಉಜ್ಜುವದೆಂದರೆ ಸಾಣೆ ಹಿಡಿದಂತೆಯೇ. ಪಟ್ಟಣದಲ್ಲಿ ಮೇಜಿನಿಂದ ಕೈಚೀಲಕ್ಕೆ, ಕೈಚೀಲದಿಂದ ಮೇಜಿಗೆ ಓಡಾಡುವ ಮೊಬೈಲಿಗೆ ಗಾರ್ಡು ಇಲ್ಲದಿದ್ದರೂ ನಡೆದೀತು. ಹೊಲದ ಮೊಬೈಲಿಗೆ ಆ ಮಾತು ಹೊಂದುವದಿಲ್ಲ. ಗೀರೆಲ್ಲ ಗಾರ್ಡಿನ ಮೇಲೆ ಬೀಳಲಿ, ವರ್ಷಕ್ಕೊಮ್ಮೆಯೋ ಎರಡು ಸಲವೋ ಕಿತ್ತು ಹೊಸದು ಹಚ್ಚಿದರಾಯಿತು. ಕೆಳಗಿನ ಗಾಜು ಹೊಸದರಂತೆಯೇ ಬಲವಾಗಿ ಉಳಿಯುವದು. ಗಾರ್ಡಿನಿಂದ ಆಗುವ ದೊಡ್ಡ ಉಪಕಾರ ಇದೇ.

ಬಿದ್ದಾಗ ಅದು ಕಾಯುತ್ತದೆಯೆ? ಸ್ವಲ್ಪ ಮಟ್ಟಿಗೆ. ಮುಖ ಕೆಳಗಾಗಿ ಗರಸಿನ ಮೇಲೆ ಬಿದ್ದರೆ ಕಲ್ಲಿನ ಮೊನೆಯ ಪೆಟ್ಟನ್ನು ಗಾರ್ಡು ಮೊದಲು ತಿನ್ನುತ್ತದೆ. ಆದರೆ ಮೊಬೈಲು ಸಾಮಾನ್ಯವಾಗಿ ಮೂಲೆಯ ಮೇಲೆ, ಅಂಚಿನ ಮೇಲೆ ಬೀಳುವದು ಹೆಚ್ಚು. ಮನೆಯ ಶಹಾಬಾದಿ ಫರ್ಸಿಯ ಮೇಲೆ ಮೂಲೆ ಬಡಿದರೆ ಪೆಟ್ಟು ಚೌಕಟ್ಟಿನ ಮೂಲಕ ನೇರವಾಗಿ ಒಳಗಾಜಿಗೆ ಹೋಗುತ್ತದೆ, ಮುಖದ ಮೇಲಿನ ಗಾರ್ಡು ಅದನ್ನು ತಡೆಯಲಾರದು. ಅದಕ್ಕೆ ಬೇಕಾದದ್ದು ರಬ್ಬರಿನಂಥ ಮಿದುವಾದ ಕವರು. ಅದರ ಅಂಚು ಗಾಜಿಗಿಂತ ಕೂದಲಷ್ಟಾದರೂ ಎತ್ತರವಾಗಿರಬೇಕು, ನಾಲ್ಕೂ ಮೂಲೆ ದಪ್ಪಗಿರಬೇಕು. ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಕವರನ್ನೇ ಮೊದಲು ಕೊಳ್ಳಿರಿ.

ಅಂಗಡಿಕಾರನು ಒಡೆದ ಗಾರ್ಡನ್ನು ಎತ್ತಿ ತೋರಿಸಿ "ನೋಡಿರಿ, ಇದು ಒಡೆದು ಡಿಸ್‌ಪ್ಲೇ ಉಳಿಸಿತು" ಎಂದು ಹೇಳುವದುಂಟು. ಈ ಸಾಕ್ಷಿಯನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಗಾರ್ಡಿನ ಗಾಜು ಹೆಚ್ಚು ತೆಳುವು, ಅಗ್ಗದ್ದು. ಕೆಳಗಿನ ಗಟ್ಟಿಗಾಜಿಗೆ ಏನೂ ಆಗದಿದ್ದ ಸಣ್ಣ ಪೆಟ್ಟಿಗೂ ಅದು ಬಿರಿಯಬಹುದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ೯ಎಚ್ ಎಂಬದೂ ಹೀಗೆಯೇ. ಮೋಸ್‌ನ ಒಂಬತ್ತನೆಯ ಮೆಟ್ಟಿಲೆಂದು, ಅಂದರೆ ವಜ್ರದ ಕೆಳಗಿನದೆಂದು ಜನ ತಿಳಿಯುತ್ತಾರೆ. ಅದು ಪೆನ್ಸಿಲಿನ ಲೆಕ್ಕ! ಬಣ್ಣದ ಲೇಪಗಳನ್ನು ಪರೀಕ್ಷಿಸಲು ಮಿದುವಿನಿಂದ ಗಡಸಿನವರೆಗಿನ ಪೆನ್ಸಿಲುಗಳಿಂದ ಗೀರಿ ನೋಡುವ ಪದ್ಧತಿ ಉಂಟು. ಅದರಲ್ಲಿ ತೀರ ಗಡಸಾದ ಪೆನ್ಸಿಲು ೯ಎಚ್. ಆ ಪೆನ್ಸಿಲಿಗೆ ಜಗ್ಗಲಿಲ್ಲವೆಂದಷ್ಟೇ ಅದರ ಅರ್ಥ. ಉಸುಕು ಆ ಗಾರ್ಡನ್ನೂ ಗೀರುವದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಓದುವ ನಮ್ಮ ಜನಕ್ಕೆ ಡಬ್ಬಿಯ ಇಂಗ್ಲಿಷಿನ ಈ ಎರಡಕ್ಷರ ಯಾರೂ ಬಿಡಿಸಿ ಹೇಳುವದಿಲ್ಲ, ಆದರೆ ಅದರ ಹೆಸರಿನಲ್ಲಿ ಐವತ್ತು ರೂಪಾಯಿ ಹೆಚ್ಚು ಕೊಡುವದಂತೂ ತಪ್ಪುವದಿಲ್ಲ.

ಗಾಜಿನದಲ್ಲದೆ ಪ್ಲಾಸ್ಟಿಕಿನ ತೆಳು ಹಾಳೆಗಳೂ ಸಿಗುತ್ತವೆ. ಅವು ಸಣ್ಣ ಗೀರು ತಡೆಯುತ್ತವೆ, ಪೆಟ್ಟು ತಡೆಯಲಾರವು. ಕೆಲವು ಹೊಸ ಮೊಬೈಲುಗಳಿಗೆ ಕಾರ್ಖಾನೆಯವರೇ ಅಂಥ ಹಾಳೆ ಅಂಟಿಸಿ ಕೊಡುವರು. ಅದು ಚೆನ್ನಾಗಿರುವತನಕ ಅದೇ ಸಾಕು. ಮಡಿಚುವ ಮೊಬೈಲಿದ್ದವರು ಒಳಪರದೆಯ ಪೊರೆಯನ್ನು ಎಂದಿಗೂ ಕೀಳಕೂಡದು, ಅದು ಪರದೆಯ ಅಂಗವೇ. ಪಕ್ಕದವರಿಗೆ ಕಾಣಬಾರದೆಂದು ಮಾಡಿದ ಕಪ್ಪು ಗಾರ್ಡು ಹೊಲದ ಬಿಸಿಲಿನಲ್ಲಿ ನಮಗೇ ಕಾಣಗೊಡದು. ಕ್ಯಾಮೆರಾದ ಕಣ್ಣಿಗೆ ಅಂಟಿಸುವ ಪುಟ್ಟ ಗಾಜೂ ಬೇಡ, ಅದರ ಮೇಲೆ ಧೂಳು ಕೂತರೆ ಪಾಹಣಿಯ ಚಿತ್ರ ಮಸುಕಾಗುವದು.

ಬೆರಳಿನ ಗುರುತಿನಿಂದ ತೆರೆಯುವ ಮೊಬೈಲಿನವರು ಒಂದು ಎಚ್ಚರ ವಹಿಸಬೇಕು. ಗುರುತು ಹಿಡಿಯುವ ಯಂತ್ರ ಗಾಜಿನ ಕೆಳಗಿದ್ದರೆ ದಪ್ಪ ಗಾರ್ಡು ಅದಕ್ಕೆ ಅಡ್ಡಿಯಾಗುತ್ತದೆ. ೨೦೧೯ರ ಅಕ್ಟೋಬರದಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್-೧೦ ಮೊಬೈಲಿನ ಮೇಲೆ ಕೆಲವು ಬಗೆಯ ಸಿಲಿಕೋನ್ ಹೊದಿಕೆ ಹಾಕಿದರೆ ಯಾರ ಬೆರಳಿಗೂ ಬೀಗ ತೆರೆಯುತ್ತಿತ್ತೆಂದು ಗೊತ್ತಾಗಿ ದೊಡ್ಡ ಗದ್ದಲವಾಯಿತು. ಹೊದಿಕೆಯ ಒಳಮೈಯ ಚಿತ್ತಾರವನ್ನೇ ಯಂತ್ರವು ಬೆರಳೆಂದು ತಿಳಿಯುತ್ತಿತ್ತು. ಕಂಪನಿಯವರು ಕೂಡಲೆ ತಿದ್ದುಪಡಿ ಕಳಿಸಿದರು. ಆದರೂ ಹೊಸ ಗಾರ್ಡು ಹಚ್ಚಿದ ಮೇಲೆ ಹಳೆಯ ಗುರುತು ಅಳಿಸಿ ಹೊಸದಾಗಿ ಬೆರಳು ಕೊಡುವದು, ಆಮೇಲೆ ಮನೆಯ ಇನ್ನೊಬ್ಬರ ಬೆರಳು ಒತ್ತಿಸಿ ತೆರೆಯುವದೋ ನೋಡುವದು ಒಳ್ಳೆಯದು. ಬ್ಯಾಂಕಿನ ಕದ ಅದರ ಹಿಂದೆಯೇ ಇದೆಯಲ್ಲವೆ?

ಹಚ್ಚುವ ಕೆಲಸವನ್ನು ಧೂಳಿಲ್ಲದ ಕಡೆ ಮಾಡಿಸಬೇಕು. ಸಂತೆಯ ಬೀದಿಯಲ್ಲಿ ನಿಂತು ಹಚ್ಚಿಸಿದರೆ ಉಸುಕಿನ ಕಣ ಎರಡು ಗಾಜಿನ ನಡುವೆ ಸಿಕ್ಕಿ ಕೂಡುವದು. ಮನೆಯಲ್ಲಿಯಾದರೆ ಫ್ಯಾನು ಆರಿಸಿ, ನೆಲಕ್ಕೆ ನೀರು ಚಿಮುಕಿಸಿ, ಧೂಳು ಇಳಿದ ಮೇಲೆ ಹಚ್ಚಿರಿ. ಡಬ್ಬಿಯಲ್ಲಿ ಬರುವ ಹಸಿ ಕಾಗದದಿಂದ ಮೊದಲು, ಒಣ ಬಟ್ಟೆಯಿಂದ ಆಮೇಲೆ ಒರೆಸಿ, ಉಳಿದ ಕಣವನ್ನು ಅಂಟುಕಾಗದದಿಂದ ಎತ್ತಬೇಕು. ದ್ರವದ ಅಂಟು ಸುರಿದು ನೀಲಿ ದೀಪ ಹಿಡಿದು ಒಣಗಿಸುವ ಬಗೆಯೊಂದುಂಟು, ಅದನ್ನು ಕೈಪಳಗಿದವರಿಂದಲೇ ಮಾಡಿಸಿರಿ. ಅಂಟು ಗುಂಡಿಯ ಸಂದಿಗೋ ಮಾತಿನ ತೂತಿಗೋ ಇಳಿದರೆ ಗಾರ್ಡಿನ ಸಹವಾಸಕ್ಕೆ ಮೊಬೈಲೇ ಹೋದೀತು.

ಹಚ್ಚಿದ ಮೇಲೂ ಒಣ ಟವೆಲಿನಿಂದ ಉಜ್ಜುವ ರೂಢಿ ಬಿಡಬೇಕು. ಮೊದಲು ಊದಿ ಧೂಳು ಹಾರಿಸಿ, ಆಮೇಲೆ ಸ್ವಲ್ಪ ತೇವದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸೀಮೆಎಣ್ಣೆ, ಥಿನ್ನರು ಮುಟ್ಟಿಸಲೇ ಬಾರದು. ಎಣ್ಣೆ ಹೊಡೆಯುವ ದಿನ, ಎಂದರೆ ಔಷಧಿ ಸಿಂಪಡಿಸುವ ದಿನ, ಮೊಬೈಲನ್ನು ದೂರವಿಡಿರಿ, ಇಲ್ಲವೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿರಿ. ವಿಷದ ಕೈಯಿಂದ ಮುಟ್ಟಿದ ಗಾಜು ಆಮೇಲೆ ಕೆನ್ನೆಗೆ ತಾಗುತ್ತದೆ, ಸಂಜೆ ಮಕ್ಕಳ ಕೈಗೆ ಹೋಗುತ್ತದೆ. ಗಾರ್ಡು ಗಾಜನ್ನು ಕಾಯುವದೇ ಹೊರತು ಕೂಸನ್ನು ಕಾಯಲಾರದು.

ಗಾರ್ಡು ಬಿರಿದ ಮೇಲೆ "ಇನ್ನೂ ನಡೆಯುತ್ತದೆ" ಎಂದು ತಿಂಗಳುಗಟ್ಟಲೆ ಇಟ್ಟುಕೊಳ್ಳುವವರು ಬಹಳ. ಅದರ ಚೂರು ಬೆರಳಿಗೆ ಚುಚ್ಚುತ್ತದೆ, ಬಿರುಕಿನಲ್ಲಿ ಉಸುಕು ಸೇರುತ್ತದೆ. ತೆಗೆಯುವಾಗ ಮೊದಲು ಮೇಲೆಲ್ಲ ಅಗಲವಾದ ಅಂಟುಪಟ್ಟಿ ಹಚ್ಚಿಕೊಳ್ಳಿರಿ, ಚೂರು ಚೆದರುವದಿಲ್ಲ. ಅಂಗೈಯ ಕಾವಿನಿಂದ ಒಂದು ಮೂಲೆ ಬೆಚ್ಚಗೆ ಮಾಡಿ, ತೆಳುವಾದ ರಟ್ಟಿನ ತುದಿಯಿಂದ ಎತ್ತಿ, ನಿಧಾನವಾಗಿ ಬಿಡಿಸಿರಿ. ಚಾಕುವಿನ ಮೊನೆ ಬೇಡ. ಬಿಡಿಸಿದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಹಾಕಬೇಕು. ತಿಪ್ಪೆಗೆ ಎಸೆದರೆ ಅದು ಗೊಬ್ಬರದ ಜೊತೆ ಹೊಲಕ್ಕೆ ಹೋಗಿ, ಕಳೆ ತೆಗೆಯುವ ಹೆಣ್ಣುಮಕ್ಕಳ ಬರಿಗಾಲಿಗೆ ಸಿಗುವದು.