ಕಣ್ಣಿಗೆ ಲೇಸರ್: ಹೆದರಬೇಡಿ, ತಡ ಮಾಡಬೇಡಿ

"ಮಾಸ್ತರ್ರ, ಕಣ್ಣಾಗ ಬೆಳಕು ಬಿಟ್ಟು ಸುಡ್ತಾರಂತ. ಖರೇ ಏನ್ರಿ?"

ಹುಮನಾಬಾದ ಕಡೆಯ ಒಬ್ಬ ಕಾಕಾ ಹೀಗೆ ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಲೇಸರ್ ಮಾಡಿಸಲು ಹೇಳಿದ್ದರು. ಕಾಕಾ ಹೆದರಿ ಮನೆಯಲ್ಲೇ ಕುಳಿತಿದ್ದರು.

ಬನ್ನಿ, ಇದೇನೆಂದು ತಿಳಿಯೋಣ.

ಕಣ್ಣಿನ ಹಿಂಭಾಗದಲ್ಲಿ ಒಂದು ತೆಳು ಪರದೆ ಇದೆ. ನಾವು ನೋಡಿದ್ದೆಲ್ಲ ಅದರ ಮೇಲೆ ಮೂಡುತ್ತದೆ. ಪರದೆಯಲ್ಲಿ ಬಹಳ ಸಣ್ಣ ರಕ್ತನಾಳಗಳಿವೆ. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದರೆ ಈ ನಾಳಗಳು ಕೆಡಬಹುದು. ಕೆಲವು ಸೋರುತ್ತವೆ. ಕೆಲವು ಮುಚ್ಚಿಹೋಗುತ್ತವೆ. ಆಗ ಪರದೆಗೆ ರಕ್ತ ಸಾಲದು. ಹೊಸ ನಾಳಗಳು ಹುಟ್ಟುತ್ತವೆ. ಅವು ಬಹಳ ನಾಜೂಕು. ಅವು ಒಡೆದರೆ ಕಣ್ಣೊಳಗೆ ರಕ್ತ ತುಂಬಿ ಕತ್ತಲೆ ಕವಿಯುತ್ತದೆ.

ಲೇಸರ್ ಎಂದರೆ ಒಂದೇ ಚುಕ್ಕೆಗೆ ಕೂಡಿಸಿದ ಬೆಳಕು. 1960ರಲ್ಲಿ ಅಮೆರಿಕದ ಮೈಮನ್ ಎಂಬವರು ಮೊದಲ ಲೇಸರ್ ಮಾಡಿದರು. ಮರುವರ್ಷವೇ ಅದು ಕಣ್ಣಿನ ಚಿಕಿತ್ಸೆಗೆ ಬಂತು. ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದರೆ ಕಾಗದ ಸುಡುತ್ತದೆ. ಗಾಜು ಸುಡುವುದಿಲ್ಲ. ಹೌದಲ್ಲ? ಕಣ್ಣಿನ ಮುಂಭಾಗವೂ ಗಾಜಿನಂತೆ ತಿಳಿ. ಬೆಳಕು ಅದನ್ನು ದಾಟಿ ಪರದೆಗೆ ತಾಗುತ್ತದೆ. ಕಣ್ಣು ಕೊಯ್ಯಬೇಕಿಲ್ಲ. ಹೊಲಿಗೆಯೂ ಇಲ್ಲ.

"ಪರದೆ ಸುಟ್ಟರೆ ನೋಟ ಹೋಗೂದಿಲ್ಲೇನ್ರಿ?" ಎಂದರು ಕಾಕಾ.

ನೀರು ಕಡಿಮೆಯಾದಾಗ ರೈತ ಏನು ಮಾಡುತ್ತಾನೆ? ಹೊಲದ ಅಂಚು ಬಿಟ್ಟು ನಡುವಿನ ಬೆಳೆ ಉಳಿಸುತ್ತಾನೆ. ಡಾಕ್ಟರೂ ಪರದೆಯ ಅಂಚಿನಲ್ಲಿ ಸಣ್ಣ ಚುಕ್ಕೆ ಚುಕ್ಕೆಯಾಗಿ ಸುಡುತ್ತಾರೆ. ಆಗ ನಾಜೂಕು ನಾಳಗಳು ಒಣಗುತ್ತವೆ. ನಡುವಿನ ನೋಟ ಉಳಿಯುತ್ತದೆ. ಅಂಚಿನ ನೋಟ ಸ್ವಲ್ಪ ಕಡಿಮೆಯಾಗಬಹುದು.

ಮೊದಲು ಕಣ್ಣಿಗೆ ಹನಿ ಹಾಕುತ್ತಾರೆ. ಯಂತ್ರದ ಮುಂದೆ ಕೂಡಿಸುತ್ತಾರೆ. ಬೆಳಕು ಮಿಂಚಿದಂತಾಗುತ್ತದೆ. ಸ್ವಲ್ಪ ಚುಚ್ಚಿದಂತಾಗಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಕೆಲವು ತಾಸು ಕಣ್ಣು ಮಂಜಾಗುತ್ತದೆ. ಅದಕ್ಕೆ ಜೊತೆಗೊಬ್ಬರು ಇರಲಿ. ಎರಡು ಮೂರು ಸಲ ಹೋಗಬೇಕಾಗಬಹುದು. ಕೆಲವರಿಗೆ ಇಂಜೆಕ್ಷನ್ ಅಥವಾ ಆಪರೇಷನ್ ಕೂಡ ಬೇಕಾಗುತ್ತದೆ.

ಒಂದು ಮಾತು ನೆನಪಿಡಿ. ನಮ್ಮ ಕರ್ನಾಟಕದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿದರು. ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು. ಪೊರೆ ತೆಗೆದರೆ ನೋಟ ಮರಳುತ್ತದೆ. ಪರದೆ ಕೆಟ್ಟರೆ ಹಾಗಲ್ಲ. ಹೋದ ನೋಟವನ್ನು ಲೇಸರ್ ತಂದುಕೊಡುವುದಿಲ್ಲ. ಇದ್ದ ನೋಟವನ್ನು ಕಾಯುತ್ತದೆ, ಅಷ್ಟೆ.

ಈ ರೋಗ ಮೊದಮೊದಲು ನೋಯುವುದಿಲ್ಲ. ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಪರದೆ ತೋರಿಸಿಕೊಳ್ಳಬೇಕು. ಸಕ್ಕರೆ ಮತ್ತು ಬಿ.ಪಿ. ಹತೋಟಿಯಲ್ಲಿ ಇಟ್ಟುಕೊಳ್ಳಬೇಕು.

ಕಾಕಾ ಮಗನ ಜೊತೆ ಹೋಗಿ ಲೇಸರ್ ಮಾಡಿಸಿಕೊಂಡು ಬಂದರು. ಈಗ ಚಾಳೀಸು ಹಾಕಿಕೊಂಡು ಈ ಪುಸ್ತಕ ಓದುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ? ಅವರಿಗೆ ಇದನ್ನು ಓದಿ ಹೇಳಿ.