90 ದಿನದ ನೋಟಿಸ್ ಪೀರಿಯಡ್: ಸಂಬಳದ ತಾರೀಖು ಬಿಡಿ, ಮಳೆಯಿಂದ ಹಿಂದಕ್ಕೆ ಎಣಿಸಿ

ಜನವರಿ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಸರ್, ಈ ವರ್ಷ ಊರಿಗೆ ಬಂದೇ ಬರ್ತೀನಿ. ಆದ್ರೆ ಕಂಪನಿಯವ್ರು 3 ತಿಂಗಳು ನೋಟಿಸ್ ಅಂತಾರೆ. ಏನ್ ಮಾಡ್ಲಿ?" ಕೇಳುವವರಲ್ಲಿ ಬೆಂಗಳೂರಿನ ಐಟಿ ಹುಡುಗರಿದ್ದಾರೆ, ಪೀಣ್ಯದ ಫ್ಯಾಕ್ಟರಿಯವರಿದ್ದಾರೆ, ಖಾಸಗಿ ಬ್ಯಾಂಕಿನವರು, ಬೀಜ ಗೊಬ್ಬರದ ಕಂಪನಿಯವರೂ ಇದ್ದಾರೆ. ಯಾವ ಬೆಳೆ, ಯಾವ ತಳಿ, ಸಬ್ಸಿಡಿ ಎಷ್ಟು ಅನ್ನೋದನ್ನೆಲ್ಲ ಯೂಟ್ಯೂಬಲ್ಲಿ ನೋಡಿ ಮುಗಿಸಿರ್ತಾರೆ. ರಾಜೀನಾಮೆ ಯಾವ ತಾರೀಖಿಗೆ ಕೊಡಬೇಕು ಅನ್ನೋದನ್ನ ಮಾತ್ರ ಯೋಚನೆ ಮಾಡಿರಲ್ಲ.

ತೋಟಗಾರಿಕೆ ಪದವಿ ಮುಗಿಸಿ ನಾನೂ ಆರು ವರ್ಷ ಒಂದು ಕೃಷಿ ಪರಿಕರಗಳ ಕಂಪನಿಯಲ್ಲಿ ಕೆಲಸ ಮಾಡಿದವನು. ನೇಮಕಾತಿ ಪತ್ರದಲ್ಲಿ 90 ದಿನ ಅಂತ ಇತ್ತು. 45 ದಿನಕ್ಕೆ ಬಿಡಿ ಅಂದೆ, ಬಿಡಲಿಲ್ಲ. ಬಾಕಿ ಇದ್ದ ರಜೆಯನ್ನಾದರೂ ಅದರಲ್ಲಿ ಕಳೀರಿ ಅಂದೆ, ಅದಕ್ಕೂ ಒಪ್ಪಲಿಲ್ಲ. ಊರಲ್ಲಿ ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, "ಏನ್ಲಾ, ಕೆಲ್ಸ ಬಿಡಾಕೂ ಅವ್ರ ಅಪ್ಪಣೆ ಬೇಕಾ? ಇದೇನ್ ಜೀತಾನಾ?" ಅಂದರು. ಅಪ್ಪನ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಗೊತ್ತಿಲ್ಲದೆ ತುಂಬಾ ಜನ ಸುಮ್ಮನೆ ಹೆದರ್ತಾರೆ, ಇನ್ನು ಕೆಲವರು ಹೇಳದೆ ಕೇಳದೆ ಓಡಿ ಬರ್ತಾರೆ.

ಕಾನೂನು ಏನನ್ನುತ್ತೆ?

ಜೀತ ಅಲ್ಲ. ಇಷ್ಟ ಇಲ್ಲದವನನ್ನು ಕುರ್ಚಿಗೆ ಕಟ್ಟಿ ಕೆಲಸ ಮಾಡಿಸು ಅಂತ ನಮ್ಮ ಕೋರ್ಟುಗಳು ಆದೇಶ ಕೊಡುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ತತ್ವ ಅದು. ಹಾಗಂತ ಸಹಿ ಹಾಕಿದ ಕರಾರಿಗೆ ಬೆಲೆ ಇಲ್ಲ ಅಂತಲೂ ಅಲ್ಲ. ಕರಾರು ಮುರಿದರೆ 1872ರ ಕರಾರು ಕಾಯ್ದೆ ಪ್ರಕಾರ ಕಂಪನಿ ಪರಿಹಾರ ಕೇಳಬಹುದು. ಆದರೆ ಬಾಯಿಗೆ ಬಂದಷ್ಟು ಕೇಳುವ ಹಾಗಿಲ್ಲ, ಅದು ಸಮಂಜಸವಾಗಿರಬೇಕು.

ಬಾಂಡ್ ಬರೆದುಕೊಟ್ಟವರು ಇನ್ನೊಂದು ವಿಷಯ ಗಮನಿಸಿ. "ಬಾಂಡ್ ಎಲ್ಲಾ ಕೋರ್ಟಲ್ಲಿ ನಿಲ್ಲಲ್ಲ ಮಗಾ" ಅಂತ ರೂಮ್‌ಮೇಟ್ ಹೇಳಿದ್ದನ್ನ ನಂಬಬೇಡಿ. ವಿಜಯಾ ಬ್ಯಾಂಕಿನ ಒಂದು ಕೇಸಿನಲ್ಲಿ, 3 ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದಕ್ಕೂ ಮುಂಚೆ ಕರ್ನಾಟಕ ಹೈಕೋರ್ಟು ನೌಕರನ ಪರ ತೀರ್ಪು ಕೊಟ್ಟಿತ್ತು, ಅದು ತಿರುಗಿಬಿತ್ತು. ಎಲ್ಲ ಬಾಂಡೂ ನಿಲ್ಲುತ್ತೆ ಅಂತ ಇದರ ಅರ್ಥ ಅಲ್ಲ. ಆದರೆ ಸಹಿ ಹಾಕಿರೋ ಕಾಗದವನ್ನು ತೆಗೆದು ಒಮ್ಮೆ ಪೂರ್ತಿ ಓದಿ.

ನೋಟಿಸ್ ವಿಷಯದಲ್ಲಿ ಆ ಕಾಗದದಲ್ಲಿ ನೋಡಬೇಕಾದ್ದು ಎರಡು ಮೂರು ಸಾಲು ಅಷ್ಟೇ. ದುಡ್ಡು ಕಟ್ಟಿ ಬೇಗ ಬಿಡಲು, ಅಂದರೆ ಬೈಔಟ್‌ಗೆ, ಅವಕಾಶ ಇದೆಯಾ? ಇದ್ದರೆ ಆ ಲೆಕ್ಕ ಬೇಸಿಕ್ ಮೇಲೋ, ಪೂರ್ತಿ ಸಂಬಳದ ಮೇಲೋ? ಇದರಲ್ಲೇ ಅರ್ಧಕ್ಕರ್ಧ ವ್ಯತ್ಯಾಸ ಬರುತ್ತೆ. ಆ ಹಣಕ್ಕೆ ಜಿಎಸ್‌ಟಿ ಸೇರಿಸಿ ಕೇಳಿದರೆ ಒಪ್ಪಬೇಡಿ. ನೋಟಿಸ್ ಬದಲಿಗೆ ಕಟ್ಟುವ ಹಣಕ್ಕೆ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟ್‌ನಲ್ಲೇ ಕೇಂದ್ರ ತೆರಿಗೆ ಮಂಡಳಿ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ.

ತಾರೀಖಿನ ಲೆಕ್ಕ

ಇದು ನಿಜಕ್ಕೂ ಮುಖ್ಯವಾದ ಭಾಗ. ಎಲ್ಲರೂ ಬೋನಸ್ ನೋಡಿಕೊಂಡು ರಾಜೀನಾಮೆ ಕೊಡ್ತಾರೆ. ಮಾರ್ಚ್ ಸಂಬಳದ ಜೊತೆ ಬರೋ ಹಣ ಕೈಗೆ ಬರಲಿ ಅಂತ ಕಾದು ಏಪ್ರಿಲ್ 15ಕ್ಕೆ ಮೇಲ್ ಹಾಕಿದಿರಿ ಅಂತಿಟ್ಟುಕೊಳ್ಳಿ. 90 ದಿನ ಅಂದರೆ ಜುಲೈ 14. ಆಗ ಪುನರ್ವಸು ಮಳೆ ನಡೀತಿರುತ್ತೆ. ನಮ್ಮ ತಿಪಟೂರು, ತುರುವೇಕೆರೆ ಕಡೆ ಪೂರ್ವ ಮುಂಗಾರಿಗೆ ಹಾಕೋ ಹೆಸರು, ಅಲಸಂದೆ ಅಷ್ಟೊತ್ತಿಗೆ ಕೊಯ್ಲಾಗಿರುತ್ತೆ. ಹಸಿರೆಲೆ ಗೊಬ್ಬರದ ಕಾಲವೂ ಹೋಯ್ತು. ರಾಗಿಗೆ ಮಾತ್ರ ಇನ್ನೂ ಸಮಯ ಇರುತ್ತೆ, ಅದೂ ಹೊಲ ಮೊದಲೇ ಹದವಾಗಿದ್ದರೆ.

ಮಾರ್ಚ್ 10ಕ್ಕೆ ಕೊಟ್ಟರೆ ಜೂನ್ 8. ಮೃಗಶಿರಾ ಹುಟ್ಟುವ ಹೊತ್ತು. ನೀವು ಬಸ್ಸಿಳಿಯೋ ದಿನ ಊರೆಲ್ಲ ಬಿತ್ತನೆಯಲ್ಲಿರುತ್ತೆ, ಟ್ರ್ಯಾಕ್ಟರ್ ಬಾಡಿಗೆಗೂ ಸಿಗಲ್ಲ, ಆಳೂ ಸಿಗಲ್ಲ.

ಜನವರಿ 20ಕ್ಕೆ ಕೊಟ್ಟರೆ ಏಪ್ರಿಲ್ 20. ಭರಣಿ ಮಳೆಗೆ ಇನ್ನೂ ಒಂದು ವಾರ ಇರುತ್ತೆ. ಮೊದಲ ಮಳೆಗೆ ಉಳುಮೆ ಮಾಡಿ, ಎಕರೆಗೆ 20 ಕೆಜಿ ಸೆಣಬೋ ಡಯಾಂಚಾನೋ ಎರಚಿದರೆ, ಹೂ ಬಿಡೋ ಹೊತ್ತಿಗೆ ಅಂದರೆ ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಬಹುದು. ಅದಾದ ಮೇಲೆ ರಾಗಿಯೋ ತರಕಾರಿಯೋ ನಿಮಗೆ ಬಿಟ್ಟದ್ದು. ಕೊಟ್ಟಿಗೆ ಗೊಬ್ಬರ ಕೊಂಡು ತರುವಷ್ಟು ದುಡ್ಡಿಲ್ಲದ ಮೊದಲ ವರ್ಷದಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಕಂಡಿಲ್ಲ.

ಉತ್ತರ ಕರ್ನಾಟಕದ ಎರೆ ಹೊಲದವರಿಗೆ ಲೆಕ್ಕ ಬೇರೆ. ಹಿಂಗಾರಿ ಬಿಳಿಜೋಳ, ಕಡಲೆ ನಿಮ್ಮ ಗುರಿ ಅಂದ್ರ ಜೂನ್ 15ಕ್ಕೆ ಕೊಟ್ಟರೂ ಸಾಕು, ಸೆಪ್ಟೆಂಬರ್ 13ಕ್ಕೆ ಬಿಡುಗಡೆ. ಅಂಗಾಂಶ ಕೃಷಿ ಬಾಳೆ ಹಾಕುವವರಿಗೆ ಈ 90 ದಿನ ಒಂಥರಾ ಸರಿಯಾಗೇ ಹೊಂದುತ್ತೆ. ಒಳ್ಳೆ ನರ್ಸರಿಗಳಲ್ಲಿ ಸಸಿಯನ್ನು ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ರಾಜೀನಾಮೆ ಕೊಟ್ಟ ವಾರವೇ ಮುಂಗಡ ಕೊಟ್ಟುಬಿಡಿ.

ಬೋನಸ್ ಬಿಡೋಕೆ ಮನಸ್ಸಿಲ್ಲ ಅನ್ನುವವರು ಒಂದು ಕೆಲಸ ಮಾಡಿ. ಬೋನಸ್ ಎಷ್ಟು, ಒಂದು ಹಂಗಾಮು ಪೂರ್ತಿ ಕೈತಪ್ಪಿ ಮನೆಯಲ್ಲಿ ಕೂತು ತಿನ್ನುವ ಖರ್ಚು ಎಷ್ಟು ಅಂತ ಎದುರುಬದುರು ಬರೀರಿ. ಕೆಲವರಿಗೆ ಬೋನಸ್ಸೇ ದೊಡ್ಡದಿರುತ್ತೆ. ಹಾಗಿದ್ದರೆ ಕಾಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಜುಲೈಗೆ ಬಂದು ರಾಗಿ ಹಾಕಿ.

ಗ್ರಾಚ್ಯುಟಿ: ನೋಟಿಸ್ ದಿನಗಳೂ ಸರ್ವಿಸ್ಸೇ

ಕಾಯಂ ನೌಕರರಿಗೆ 5 ವರ್ಷ ತುಂಬಿದರೆ ಗ್ರಾಚ್ಯುಟಿ ಬರುತ್ತೆ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ತಗೊಂಡು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷದ ಸಂಖ್ಯೆಯಿಂದ ಗುಣಿಸಬೇಕು. ಬೇಸಿಕ್ 26,000 ಇದ್ದು 5 ವರ್ಷ ಆಗಿದ್ದರೆ 75,000 ರೂಪಾಯಿ. ಒಂದು ಎಕರೆ ಡ್ರಿಪ್‌ನ ನಿಮ್ಮ ಪಾಲಿನ ಹಣ ಕಟ್ಟಿ, ಸಸಿಗೂ ಸ್ವಲ್ಪ ಉಳಿಯುವ ಮೊತ್ತ ಅದು.

ಇಲ್ಲಿ ತುಂಬಾ ಜನರಿಗೆ ಹೊಳೆಯದ ವಿಷಯ ಒಂದಿದೆ. ನೋಟಿಸ್ ಅವಧಿಯಲ್ಲಿ ನೀವು ಕೆಲಸ ಮಾಡೋ ದಿನಗಳೂ ಸೇವೆಯ ಲೆಕ್ಕಕ್ಕೇ ಸೇರುತ್ತವೆ. 4 ವರ್ಷ 10 ತಿಂಗಳಿಗೆ ರಾಜೀನಾಮೆ ಕೊಟ್ಟು 3 ತಿಂಗಳು ಪೂರ್ತಿ ದುಡಿದವನಿಗೆ 5 ವರ್ಷ ದಾಟುತ್ತೆ. ಅದೇ ಮನುಷ್ಯ ಆತುರಕ್ಕೆ ಬಿದ್ದು ಬೈಔಟ್ ಮಾಡಿದರೆ ಕೈಯಿಂದ ದುಡ್ಡು ಕಟ್ಟಿದ್ದೂ ಅಲ್ಲದೆ ಗ್ರಾಚ್ಯುಟಿಯೂ ಕೈಬಿಡಬಹುದು. ಹಾಗಾಗಿ ನೇಮಕವಾದ ತಾರೀಖು ನೋಡದೆ ಬೈಔಟ್ ಮಾತೆತ್ತಬೇಡಿ.

ಪಿಎಫ್ ವಿಷಯ ಚಿಕ್ಕದಾಗಿ: 5 ವರ್ಷ ಸತತ ಸೇವೆ ಆಗದೆ ಪಿಎಫ್ ಪೂರ್ತಿ ತೆಗೆದರೆ ತೆರಿಗೆ ಬೀಳುತ್ತೆ, 50,000 ದಾಟಿದರೆ ಟಿಡಿಎಸ್ ಹಿಡೀತಾರೆ. ತೆಗೆಯದೆ ಬಿಟ್ಟರೂ ಬಡ್ಡಿ ಬರುತ್ತಲೇ ಇರುತ್ತೆ. ಬಾವಿ ತೋಡಿಸೋಕೆ ಪಿಎಫ್ ಖಾಲಿ ಮಾಡುವುದು ನನಗಂತೂ ಇಷ್ಟವಿಲ್ಲ. ನೀರು ಬೀಳದಿದ್ದರೆ ಎರಡೂ ಇಲ್ಲ.

ಸಂಬಳ ಬರುತ್ತಿರುವಾಗಲೇ ಮುಗಿಸುವ ಕೆಲಸ

90 ದಿನ ಅಂದರೆ 12 ವಾರಾಂತ್ಯ. ಫೆಬ್ರವರಿಯಿಂದ ಏಪ್ರಿಲ್ ತನಕದ ಆ ವಾರಾಂತ್ಯಗಳಲ್ಲಿ ಊರಿಗೆ ಹೋಗಿ ಬರುವ ಬಸ್ ಚಾರ್ಜನ್ನೂ ಸಂಬಳವೇ ಕೊಡುತ್ತೆ.

ಮೊದಲ ಕೆಲಸ ನೀರು. ಬೋರ್‌ವೆಲ್ ಎಷ್ಟು ಕೊಡುತ್ತೆ ಅಂತ ಕೇಳಿದರೆ ಎಲ್ಲ ಅಪ್ಪಂದಿರೂ "ಎರಡಿಂಚು ಐತೆ" ಅಂತಾರೆ. ಅದು ಅಕ್ಟೋಬರ್‌ನ ಮಾತು. ಮೋಟಾರು ಒಂದೆರಡು ಗಂಟೆ ಓಡಿದ ಮೇಲೆ 20 ಲೀಟರ್ ಬಕೆಟ್ ಹಿಡಿದು, ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ. 10 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. 36 ಸೆಕೆಂಡು ಹಿಡಿದರೆ ಗಂಟೆಗೆ 2,000 ಲೀಟರ್ ಮಾತ್ರ. ಎಕರೆಗೆ 1,200 ಬಾಳೆ, ಬಿಸಿಲುಗಾಲದಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂದರೂ 24,000 ಲೀಟರ್ ಬೇಕು. ಮೊದಲನೇ ಬೋರಿಗೆ ಅದು ಮೂರೂವರೆ ಗಂಟೆ ಕೆಲಸ. ಎರಡನೆಯದಕ್ಕೆ 12 ಗಂಟೆ, ಅಷ್ಟು ಹೊತ್ತು ತ್ರೀ ಫೇಸ್ ಕರೆಂಟ್ ಎಲ್ಲಿಂದ ತರ್ತೀರಿ? ಏಪ್ರಿಲ್‌ನಲ್ಲಿ ಬಕೆಟ್ ಹೇಳಿದ್ದನ್ನು ನಂಬಿ ಬೆಳೆ ಆರಿಸಿ. ಲೆಕ್ಕ ತೀರಾ ಕೆಟ್ಟದಾಗಿ ಬಂದರೆ ರಾಜೀನಾಮೆ ವಾಪಸ್ ತಗೊಳ್ಳೋಕೆ ಕೇಳುವುದಕ್ಕೂ ಇನ್ನೂ ಸಮಯ ಇರುತ್ತೆ. ಕಂಪನಿ ಒಪ್ಪಲೇಬೇಕು ಅಂತಿಲ್ಲ, ಆದರೆ ಒಪ್ಪಿದ್ದನ್ನು ನೋಡಿದ್ದೇನೆ.

ಎರಡನೆಯದು ಕಾಗದ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆಗೆ ಈಗಲೇ ಅರ್ಜಿ ಹಾಕಿಸಿ. ಫ್ರೂಟ್ಸ್ ಐಡಿ, ಸಹಕಾರ ಸಂಘದ ಸದಸ್ಯತ್ವ, ಡ್ರಿಪ್ ಸಬ್ಸಿಡಿ ಎಲ್ಲಕ್ಕೂ ಬುಡದಲ್ಲಿ ಪಹಣಿ ಬೇಕು. ಇದು ಭಾನುವಾರ ಆಗುವ ಕೆಲಸ ಅಲ್ಲ, ನಾಡಕಚೇರಿ ತೆರೆದಿರುವ ದಿನವೇ ಹೋಗಬೇಕು. ಉಳಿದಿರೋ ಒಂದೆರಡು ರಜೆಯನ್ನು ಮದುವೆ ಮುಂಜಿಗೆ ಖರ್ಚು ಮಾಡದೆ ಇದಕ್ಕೆ ಇಟ್ಟುಕೊಳ್ಳಿ.

ಮಣ್ಣು ಪರೀಕ್ಷೆಯನ್ನೂ ಈ ಒಣ ದಿನಗಳಲ್ಲೇ ಮುಗಿಸಿ. ಅರ್ಧ ಕೆಜಿ ಮಾದರಿ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟರೆ ನೀವು ಊರು ಸೇರುವ ಹೊತ್ತಿಗೆ ವರದಿ ಕೈಯಲ್ಲಿರುತ್ತೆ.

ಸಾವಯವಕ್ಕೆ ಬರ್ತೀನಿ ಅನ್ನುವವರು ಇನ್ನೊಂದು ನೋಟಿಸ್ ಪೀರಿಯಡ್ಡಿಗೂ ತಯಾರಿರಿ. ಪ್ರಮಾಣಪತ್ರದ ರಾಷ್ಟ್ರೀಯ ನಿಯಮದಂತೆ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚಿನ 2 ವರ್ಷ, ತೆಂಗು ಅಡಿಕೆಯಂಥ ಬಹುವಾರ್ಷಿಕಕ್ಕೆ ಕೊಯ್ಲಿಗೆ ಮುಂಚಿನ 3 ವರ್ಷ ಪರಿವರ್ತನೆ ಅವಧಿ. ಅಷ್ಟು ದಿನ ಖರ್ಚು ಸಾವಯವದ್ದು, ರೇಟು ಮಾಮೂಲಿನದು. ಇದನ್ನು ಮನೆಯ ಬಜೆಟ್‌ನಲ್ಲಿ ಮೊದಲೇ ಬರೆದುಕೊಳ್ಳಿ. ಪಿಜಿಎಸ್ ಗುಂಪು ಮಾಡೋಕೆ ಕನಿಷ್ಠ 5 ಜನ ರೈತರು ಬೇಕು, ಅವರನ್ನು ಹುಡುಕೋದೂ ವಾರಾಂತ್ಯದ ಕೆಲಸವೇ. ಎಲ್ಲಕ್ಕಿಂತ ಕಷ್ಟದ್ದು, ಈ ಮಧ್ಯೆ ಅಪ್ಪ ತಂದಿಡೋ ಯೂರಿಯಾ ಚೀಲವನ್ನ ಜಗಳ ಇಲ್ಲದೆ ವಾಪಸ್ ಕಳಿಸೋದು!

"ಸ್ಯಾಲರಿ ಸ್ಲಿಪ್ ಇರುವಾಗಲೇ ಪರ್ಸನಲ್ ಲೋನ್ ಎತ್ಕೊಂಡ್ಬಿಡು" ಅಂತ ಸಲಹೆ ಕೊಡುವವರು ಸಿಗ್ತಾರೆ. ಬೇಡ. ಇಎಂಐ ಮುಂದಿನ ತಿಂಗಳೇ ಬರುತ್ತೆ, ಬಾಳೆ ಗೊನೆ ಬರೋಕೆ 11 ತಿಂಗಳು ಬೇಕು.

ಆರೋಗ್ಯ ವಿಮೆಯನ್ನಂತೂ ಮರೆಯಲೇಬೇಡಿ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತೆ. ಅದರಲ್ಲಿ ಅಪ್ಪ ಅಮ್ಮನ ಶುಗರ್, ಬಿಪಿ ಎಲ್ಲಾ ಸೇರಿರುತ್ತೆ. ಹೊಸ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ನೋಟಿಸ್ ಕೊಟ್ಟ ಮೊದಲ ತಿಂಗಳಲ್ಲೇ ಎಚ್‌ಆರ್ ಹತ್ತಿರ ಕೇಳಿ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳೋಕೆ ಆಗುತ್ತಾ ಅಂತ.

ಓಡಿ ಬಂದರೆ?

ಹಾಸನ ಕಡೆಯ ಗೆಳೆಯನೊಬ್ಬ ಹಾಗೇ ಮಾಡಿದ. ಲ್ಯಾಪ್‌ಟಾಪ್ ಕೊರಿಯರ್ ಮಾಡಿ, ಫೋನ್ ಆಫ್ ಮಾಡಿ ಊರಿಗೆ ಬಂದ. ಪೊಲೀಸರೂ ಬರಲಿಲ್ಲ, ಕೋರ್ಟ್ ನೋಟಿಸೂ ಬರಲಿಲ್ಲ. ಎರಡು ವರ್ಷ ಆದ ಮೇಲೆ ಶುಂಠಿ ಕೊಳೆತು ಕೈಸುಟ್ಟುಕೊಂಡು, ಒಂದು ವರ್ಷ ಕೆಲಸಕ್ಕೆ ಹೋಗಿ ಬರ್ತೀನಿ ಅಂತ ಹೊರಟ. ಇಂಟರ್‌ವ್ಯೂ ಪಾಸಾದ, ರಿಲೀವಿಂಗ್ ಲೆಟರ್ ಇಲ್ಲದ್ದಕ್ಕೆ ಆಫರ್ ವಾಪಸ್ ಹೋಯ್ತು. ಕೃಷಿಯಲ್ಲಿ ಮೊದಲ ಮೂರು ವರ್ಷದಲ್ಲಿ ಇಂಥ ಒಂದು ಏಟು ಬಿದ್ದೇ ಬೀಳುತ್ತೆ ಅಂದುಕೊಂಡೇ ಹೊರಡಬೇಕು. ವಾಪಸ್ ಹೋಗುವ ಬಾಗಿಲಿಗೆ ನೀವೇ ಬೀಗ ಹಾಕಬೇಡಿ.

ರಾಜೀನಾಮೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಇಮೇಲ್ ಕಳಿಸಿ, ಅದರಲ್ಲಿ ಕೊನೆಯ ದಿನದ ತಾರೀಖು ಬರೀರಿ, ಸಿಕ್ಕಿದೆ ಅಂತ ಉತ್ತರ ತರಿಸಿಕೊಳ್ಳಿ. 90 ದಿನ ಆ ಮೇಲ್‌ನಿಂದ ಓಡುತ್ತೆ, ಮ್ಯಾನೇಜರ್ "ನೋಡೋಣ, ಮುಂದಿನ ತಿಂಗಳು ಮಾತಾಡೋಣ" ಅಂದ ದಿನದಿಂದ ಅಲ್ಲ. ಕೆಲಸ ಒಪ್ಪಿಸೋದನ್ನ ಬೇಗ ಮುಗಿಸಿದರೆ 60, 70 ದಿನಕ್ಕೇ ಬಿಡುವ ಕಂಪನಿಗಳೂ ಇವೆ. ಜಗಳ ಆಡಿದವರಿಗಿಂತ, ತಮ್ಮ ಜಾಗಕ್ಕೆ ಬಂದವನಿಗೆ ಕೆಲಸ ಕಲಿಸಿಕೊಟ್ಟವರಿಗೆ ಇದು ಬೇಗ ಸಿಗುತ್ತೆ.

ಕೊನೆಯ ವಾರ ಸ್ಯಾಲರಿ ಸ್ಲಿಪ್, ಫಾರ್ಮ್ 16 ಎಲ್ಲ ನಿಮ್ಮ ಸ್ವಂತ ಇಮೇಲ್‌ಗೆ ಇಳಿಸಿಕೊಳ್ಳಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ಕಂತು ಬಿದ್ದು 2 ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಮತ್ತೆ ಕಂಪನಿ ಕೊಟ್ಟ ಸಿಮ್ ಬಳಸ್ತಿದ್ದರೆ, ಅದನ್ನು ವಾಪಸ್ ಕೊಡುವ ಮುಂಚೆ ಆಧಾರ್, ಬ್ಯಾಂಕ್, ಪಿಎಫ್ ಮೂರಕ್ಕೂ ನಿಮ್ಮ ಸ್ವಂತ ನಂಬರ್ ಸೇರಿಸಿ. ಇಲ್ಲದಿದ್ದರೆ ಊರಿಗೆ ಬಂದು ಫ್ರೂಟ್ಸ್ ಐಡಿಗೆ ಕೂತಾಗ ಒಟಿಪಿ ಬೆಂಗಳೂರಲ್ಲಿ ಯಾರದೋ ಫೋನಿಗೆ ಹೋಗ್ತಿರುತ್ತೆ.