ಹೃದಯರೇಖೆಗೆ ಎಷ್ಟು ದೊಡ್ಡ ಚೌಕಟ್ಟು ಬೇಕು?

ಪೋಲಾರ್ ಸಮೀಕರಣವೊಂದನ್ನು ಕೊಟ್ಟು, ಆ ವಕ್ರರೇಖೆ ಸರಿಯಾಗಿ ಹಿಡಿಸುವಂಥ ಆಯತದ ಉದ್ದ ಅಗಲ ಕೇಳಿದರೆ, ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ಜಾಣ ಮಕ್ಕಳೂ ಒಂದೇ ಜಾಗದಲ್ಲಿ ಎಡವುತ್ತಾರೆ. ಕಾರ್ಡಿಯಾಯ್ಡ್ ಎಂದು ಹೆಸರಾದ ಹೃದಯರೇಖೆಯನ್ನೇ ನೋಡಿ: ಆರ್ = 1 + ಕಾಸ್ ಥೀಟಾ.

ಸಾಮಾನ್ಯವಾಗಿ ಲೆಕ್ಕ ಹೀಗೆ ಸಾಗುತ್ತದೆ. 0 ಡಿಗ್ರಿಯಲ್ಲಿ ಆರ್ 2, 180ರಲ್ಲಿ ಸೊನ್ನೆ. ಹಾಗಾಗಿ ಅಗಲ 2. ನೆಟ್ಟಗೆ ಮೇಲೆ 90ರಲ್ಲಿ 1, ಕೆಳಗೆ 270ರಲ್ಲಿ 1; ಹಾಗಾಗಿ ಎತ್ತರವೂ 2. ಚೌಕದ ವಿಸ್ತೀರ್ಣ 4. ಆದರೆ ರೇಖೆಯ ಒಳಗಿನ ವಿಸ್ತೀರ್ಣವೇ ಪೈನ ಒಂದೂವರೆ ಪಟ್ಟು, ಅಂದರೆ ಸುಮಾರು 4.71! ಒಳಗಿನದು ಹೊರಗಿನದಕ್ಕಿಂತ ದೊಡ್ಡದಾಗುವುದು ಹೇಗೆ ಸಾಧ್ಯ?

ಅತಿ ಎತ್ತರದ ಬಿಂದು 90 ಡಿಗ್ರಿಯಲ್ಲೇ ಇರುತ್ತದೆ ಎಂಬ ನಂಬಿಕೆಯೇ ಇದಕ್ಕೆ ಮೂಲ. ಎತ್ತರ ಎಂದರೆ ಆರ್ ಅಲ್ಲ, ಆರ್ ಗುಣಿಸು ಸೈನ್ ಥೀಟಾ. ಕೋನ ಹೆಚ್ಚಿದಂತೆ ಸೈನ್ ಏರುತ್ತದೆ, ಆರ್ ಇಳಿಯುತ್ತದೆ. ಎತ್ತರ ಈ ಎರಡರ ಜಗ್ಗಾಟದಲ್ಲಿ ತೀರ್ಮಾನವಾಗುತ್ತದೆ. 50 ಡಿಗ್ರಿಯಲ್ಲಿ ಅದು 1.26, 60ರಲ್ಲಿ 1.30, 70ರಲ್ಲಿ ಮತ್ತೆ 1.26. 90 ಮುಟ್ಟುವಷ್ಟರಲ್ಲಿ 1ಕ್ಕೆ ಇಳಿದಿರುತ್ತದೆ.

ಕಲನಶಾಸ್ತ್ರ ಹೇಳುವುದೂ ಇದನ್ನೇ. ವೈ = ಸೈನ್ ಥೀಟಾ (1 + ಕಾಸ್ ಥೀಟಾ). ಇದರ ನಿಷ್ಪನ್ನವನ್ನು ಅಪವರ್ತಿಸಿದರೆ (2 ಕಾಸ್ ಥೀಟಾ − 1)(ಕಾಸ್ ಥೀಟಾ + 1) ಬರುತ್ತದೆ. ಅದು ಸೊನ್ನೆಯಾಗುವುದು ಕಾಸ್ ಥೀಟಾ 1/2 ಆದಾಗ, ಅಂದರೆ 60 ಡಿಗ್ರಿಯಲ್ಲಿ. ಅಲ್ಲಿ ವೈ 3√3/4. ಕೆಳಗೂ ಅಷ್ಟೇ ಇರುವುದರಿಂದ ಒಟ್ಟು ಎತ್ತರ 3√3/2, ಸುಮಾರು 2.60. ಇನ್ನೊಂದು ಉತ್ತರವಾದ 180 ಡಿಗ್ರಿ ರೇಖೆಯ ಚೂಪಾದ ಮೂಲೆ. ಅಲ್ಲಿ ಎತ್ತರ ಸೊನ್ನೆ.

ಎಡಬದಿಯ ಅಂಚು ಆ ಚೂಪಿನಲ್ಲೇ ಇದೆ ಎಂಬುದೂ ತಪ್ಪು. ಎಕ್ಸ್‌ನ ನಿಷ್ಪನ್ನ −ಸೈನ್ ಥೀಟಾ (1 + 2 ಕಾಸ್ ಥೀಟಾ). 120 ಡಿಗ್ರಿಯಲ್ಲಿ ಅದು ಸೊನ್ನೆಯಾಗುತ್ತದೆ. ಅಲ್ಲಿ ಆರ್ 1/2, ಎಕ್ಸ್ −1/4. ಹೃದಯದ ಎರಡು ಉಬ್ಬುಗಳು ಮೂಲಬಿಂದುವನ್ನು ದಾಟಿ ಹಿಂದಕ್ಕೆ ಚಾಚಿಕೊಂಡಿವೆ; ಚಿತ್ರ ಬರೆದರೆ ಕಣ್ಣಿಗೇ ಕಾಣುತ್ತದೆ. ಅಗಲ 2¼. ಆಯತದ ವಿಸ್ತೀರ್ಣ ಸುಮಾರು 5.85.

ಆರ್‌ನ ನಿಷ್ಪನ್ನವನ್ನೇ ಸೊನ್ನೆ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೂಲಬಿಂದುವಿನಿಂದ ಅತಿ ದೂರದ, ಅತಿ ಹತ್ತಿರದ ಬಿಂದುಗಳನ್ನಷ್ಟೇ ಅದು ಹಿಡಿದುಕೊಡುತ್ತದೆ. ಇಲ್ಲಿ 0 ಮತ್ತು 180 ಡಿಗ್ರಿ ಸಿಗುತ್ತವೆ, ಎತ್ತರದ ಸುಳಿವೇ ಇಲ್ಲ. ನಾಲ್ಕು ದಳಗಳ ಹೂವಾದ ಆರ್ = ಸೈನ್ 2ಥೀಟಾದಲ್ಲಿ ಈ ಮೋಸ ಇನ್ನೂ ಸೂಕ್ಷ್ಮ. ದಳದ ತುದಿ 45 ಡಿಗ್ರಿಯಲ್ಲಿದೆ, ಅಲ್ಲಿ ಎತ್ತರ 0.707. ಆದರೆ ಅದೇ ದಳ ತುದಿಯಿಂದ ತುಸು ಆಚೆ, ಸುಮಾರು 54.7 ಡಿಗ್ರಿಯಲ್ಲಿ, 0.770ರವರೆಗೆ ಏರುತ್ತದೆ. ತುದಿಯನ್ನು ನಂಬಿ ಚೌಕ ಎಳೆದರೆ ದಳದ ಅಂಚು ಕತ್ತರಿಸಿಹೋಗುತ್ತದೆ.

ಅಕ್ಷಗಳಿಗೆ ಸಮಾಂತರವಾದ ಆಯತವೇ ಎಲ್ಲಕ್ಕಿಂತ ಚಿಕ್ಕದು ಎಂಬ ಮಾತೂ ಕೇಳಿಬರುತ್ತದೆ. ಹೃದಯರೇಖೆಯ ಮಟ್ಟಿಗೆ ನಿಜ: ಆಯತವನ್ನು 45 ಡಿಗ್ರಿ ಓರೆ ಮಾಡಿದರೆ ವಿಸ್ತೀರ್ಣ 6.30ಕ್ಕೆ ಏರುತ್ತದೆ. ಆದರೆ ಆರ್ = ಕಾಸ್ 2ಥೀಟಾ ಹೂವಿನ ದಳಗಳು ಅಕ್ಷಗಳ ಮೇಲೇ ಇವೆ; ಅದಕ್ಕೆ ನೇರವಾದ ಚೌಕದ ವಿಸ್ತೀರ್ಣ 4. ಅದೇ ಹೂವಿಗೆ 45 ಡಿಗ್ರಿ ಓರೆಯಾದ ಚೌಕ ಹೊಂದಿಸಿದರೆ 64/27, ಅಂದರೆ ಸುಮಾರು 2.37 ಸಾಕು. ಪ್ರಶ್ನೆಯಲ್ಲಿ ‘ಅಕ್ಷಗಳಿಗೆ ಸಮಾಂತರ’ ಎಂಬ ಮಾತು ಇದೆಯೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳಬೇಕಾದದ್ದು ಇದಕ್ಕೇ.